ನರ್ಸಮ್ಮನ ಬೀಮಾ

ಕೊಟ್ರೇಶ ಬಿಸಿ ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದ. ಪೊಟ್ಟಣ ಬಿಚ್ಚಿ ಭಾಗ್ಯಜ್ಯೋತಿಯ ಮುಂದಿಟ್ಟು, ತಾನೂ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಸಂತೆಯ ಸುದ್ದಿ ಹೇಳುವ ದನಿಯಲ್ಲೇ ಹೇಳಿದ.

“ಜ್ಯೋತಕ್ಕ, ನಿನ್ನಿಂದ ಒಂದ್ ಸಣ್ಣ ಕೆಲಸ ಆಗಬೇಕಿತ್ತು. ನಮ್ಮಪ್ಪ ನೀ ಮಾಡಿದ ಸೂಜಿಯಿಂದಾನ ಸತ್ತಾನ ಅಂತ ಎರಡು ಸಾಲು ಬರದು ದಸ್ಕತ್ ಹಾಕಿ ಕೊಟ್ಟುಬಿಡು.”

ಭಾಗ್ಯಜ್ಯೋತಿಯ ಕೈಯಲ್ಲಿದ್ದ ಬಜ್ಜಿ ಕೈಯಲ್ಲೇ ಉಳಿಯಿತು. ತನ್ನ ಕಿವಿಯನ್ನೇ ನಂಬದೆ ಅವನ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಸೇಡಿರಲಿಲ್ಲ, ಕುಹಕವೂ ಇರಲಿಲ್ಲ. ಪಕ್ಕದ ಮನೆಗೆ ಒಂದು ಬಟ್ಟಲು ಸಕ್ಕರೆ ಕೇಳಲು ಬಂದವನ ಮುಖ ಹೇಗಿರುತ್ತದೋ ಹಾಗಿತ್ತು. ಬೈಯಲು ಬಂದವನನ್ನು ಎದುರು ಬೈದು ಕಳಿಸಬಹುದು. ಬಜ್ಜಿ ತಿನ್ನಿಸಿ, ನಮ್ಮಪ್ಪನನ್ನು ನೀನೇ ಕೊಂದೆ ಎಂದು ಬರೆದುಕೊಡು ಅಂತ ಪ್ರೀತಿಯಿಂದ ಕೇಳುವವನಿಗೆ ಏನು ಹೇಳಬೇಕು?

“ಏನಂದಿ?” ಎಂದಳು.

“ಗಾಬರಿ ಆಗಬ್ಯಾಡಕ್ಕ. ಬೀಮಾದ ಸಲುವಾಗಿ,” ಎಂದ ಕೊಟ್ರೇಶ.

ಈ ಬೀಮಾದ, ಅಂದರೆ ವಿಮೆಯ, ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ.

ಭಾಗ್ಯಜ್ಯೋತಿ ರಾಯಚೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಬಹಳ ವರ್ಷ ನರ್ಸಾಗಿದ್ದವಳು. ಪಾಳಿ ಮಾಡಿ ಮಾಡಿ ಸಾಕಾಗಿ, ಗಡಿ ದಾಟಿ ತವರೂರು ಮಕ್ತಲ್‌ಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ‘ಜ್ಯೋತಿ ಹೋಮ್ ನರ್ಸಿಂಗ್’ ಎಂದು ಬೋರ್ಡು ಹಾಕಿದಳು. ಮೇಲೆ ತೆಲುಗು, ಕೆಳಗೆ ಕನ್ನಡ. ನಾರಾಯಣಪೇಟೆ ಆಗಷ್ಟೇ ಜಿಲ್ಲೆಯಾಗಿತ್ತು. ಪೇಂಟರ್ ಚಿನ್ನಯ್ಯ ಊರ ಬೋರ್ಡುಗಳಲ್ಲೆಲ್ಲ ಮಹಬೂಬ್‌ನಗರವನ್ನು ಅಳಿಸಿ ನಾರಾಯಣಪೇಟೆ ಬರೆಯುವ ಗಡಿಬಿಡಿಯಲ್ಲಿದ್ದ. ಮುಂದೆ ಇನ್ನೂ ಯಾವ ಜಿಲ್ಲೆಯಾಗುತ್ತದೋ ಎಂದು ಅವಳ ಬೋರ್ಡಿನಲ್ಲಿ ಜಿಲ್ಲೆಯನ್ನೇ ಬಿಟ್ಟುಬಿಟ್ಟ.

ಗಾಯ ತೊಳೆದು ಕಟ್ಟುವುದು, ಹಾಸಿಗೆ ಹಿಡಿದವರ ಮೈ ಒರೆಸಿ ಮಗ್ಗುಲು ಬದಲಿಸುವುದು, ಡಾಕ್ಟರು ಬರೆದ ಸೂಜಿಯನ್ನು ರೋಗಿಯ ಮನೆಗೇ ಹೋಗಿ ಮಾಡುವುದು ಅವಳ ಕೆಲಸ. ಡಾಕ್ಟರ ಚೀಟಿ ಇಲ್ಲದೆ ಸೂಜಿ ಮುಟ್ಟುತ್ತಿರಲಿಲ್ಲ. ಕೆಮ್ಮಿದರೆ ಒಂದು ಸೂಜಿ, ಸೀನಿದರೆ ಒಂದು ಸಲಾಯಿನ್ ಹಚ್ಚುವ, ಡಿಗ್ರಿ ಇಲ್ಲದ ಆರೆಂಪಿ ಡಾಕ್ಟರುಗಳನ್ನು ಕಂಡುಂಡ ಊರಿಗೆ ಇದು ದೊಡ್ಡ ಕಿರಿಕಿರಿ ಅನ್ನಿಸಿತು. “ಚೀಟಿ ತರಾಕ ರಾಯಚೂರಿಗೆ ಹೋಗಾದಾದ್ರ ನೀ ಯಾಕ ಬೇಕವ್ವ?” ಎಂದು ಕೇಳಿದವರೂ ಇದ್ದರು. ಆದರೂ ಗಾಯ ಮಾಯದವರು, ಮುದುಕರು, ಬಾಣಂತಿಯರು ಅವಳ ಕೈಯನ್ನೇ ನಂಬಿದರು. ನರ್ಸಮ್ಮ ಎಂದರೆ ಓಣಿಯ ಮಕ್ಕಳೂ ಮನೆ ತೋರಿಸುತ್ತಿದ್ದರು.

ಅವಳಿಗೆ ಬೀಮಾ ಮಾಡಿಸಿದವನು ನಾರಾಯಣಪೇಟೆಯ ಏಜೆಂಟ್ ಸುಶಮೀಂದ್ರ. ಗುರುವಾರ ರಾಯರ ಪೂಜೆ, ಉಳಿದ ವಾರವೆಲ್ಲ ಪಾಲಿಸಿಯ ಪೂಜೆ ಎಂದು ಜನ ಅವನನ್ನು ಆಡಿಕೊಳ್ಳುತ್ತಿದ್ದರು. ಆದರೆ ಮನುಷ್ಯ ಒಳ್ಳೆಯವನು. ಹಾಸಿಗೆ ಹಿಡಿದಿದ್ದ ಅವನ ತಾಯಿ ವಿಜಯಾಬಾಯಿಯ ಬೆನ್ನಿನ ಹುಣ್ಣನ್ನು ಭಾಗ್ಯಜ್ಯೋತಿ ಮಾಯಿಸಿದ್ದಳು. ಆ ಋಣಕ್ಕೆ ಅವನೇ ಬಂದು ಕೂತು ತಿಳಿಹೇಳಿದ.

“ಸಿಸ್ಟರ್, ದವಾಖಾನಿಯೊಳಗ ಇದ್ದಾಗ ಏನಾದ್ರೂ ಆದ್ರ ಜಿಮ್ಮೇದಾರಿ ದವಾಖಾನಿದು. ಈಗ ಮಾಲಕರೂ ನೀವ, ಆಳೂ ನೀವ. ನಿಮ್ಮ ಕೈಯಿಂದ ಹೆಚ್ಚುಕಡಿಮಿ ಆತು ಅಂತ ಯಾರಾದ್ರೂ ಕೋರ್ಟಿಗೆ ಹೋದ್ರ ಮೈಮ್ಯಾಲಿನ ಬಂಗಾರ ಸೈತ ಹೋಗ್ತದ. ಈ ಬೀಮಾ ಇದ್ರ ನಿಮ್ಮ ಪರವಾಗಿ ಕಂಪನೀನ ವಕೀಲನ್ನ ಹಿಡೀತದ. ತಪ್ಪು ನಿಮ್ದ ಅಂತ ಕೋರ್ಟು ಅಂದ್ರ ಪರಿಹಾರಾನೂ ಕಂಪನೀನ ಕೊಡ್ತದ. ಒಂದ ಮಾತು ನೆನಪಿಡ್ರಿ. ಏನಾದ್ರೂ ಆದ್ರ ಮೊದಲು ನನಗ ಫೋನ್ ಹಚ್ಚ್ರಿ. ಯಾರ ಮುಂದೂ ತಪ್ಪು ನಂದು ಅಂತ ಅನಬ್ಯಾಡ್ರಿ. ಅಂದ್ರ ಕಂಪನಿ ಕೈ ತೊಳಕೊಂಡುಬಿಡ್ತದ.”

ಅವಳು ಗೋಣು ಹಾಕಿದಳು. ಬೀಮಾ ಆಯಿತು. ಗದ್ವಾಲ್ ಸೀರೆ ಹೊಸದಾಗಿ ಉಟ್ಟವಳು ನಾಲ್ಕು ಮನೆ ತಿರುಗದೆ ಇರುತ್ತಾಳೆಯೆ? ಭಾಗ್ಯಜ್ಯೋತಿಯೂ ಹೋದಲ್ಲೆಲ್ಲ ತನ್ನ ಬೀಮಾದ ಸುದ್ದಿ ಹೇಳಿದಳು. ಶಿವಶಂಕರಪ್ಪನ ಮನೆಯಲ್ಲಂತೂ ಎರಡೆರಡು ಸಲ ಹೇಳಿದಳು.

ಶಿವಶಂಕರಪ್ಪ ತೊಗರಿ ಬೆಳೆಯುವ ರೈತ, ಅರವತ್ತು ದಾಟಿದವ, ಸಕ್ಕರೆ ಕಾಯಿಲೆಯವ. ಅವನ ಬಲಗಾಲಿನ ಹುಣ್ಣನ್ನು ತಿಂಗಳುಗಟ್ಟಲೆ ತೊಳೆದು ಕಟ್ಟುತ್ತ ಅವಳು ಆ ಮನೆಯ ಮಗಳಂತೆಯೇ ಆಗಿಹೋಗಿದ್ದಳು. ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನ ಹೆಂಡತಿ ಗುರುಲಿಂಗಮ್ಮನನ್ನು ಅಕ್ಕ ಎನ್ನುತ್ತಿದ್ದಳು. ಬಜ್ಜಿ ತಂದ ಕೊಟ್ರೇಶ ಅವರ ಒಬ್ಬನೇ ಮಗ.

ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಬೀಮಾ ಎಂದರೆ ಎಲ್ಲರಿಗೂ ಒಂದೇ ಅರ್ಥ. ಹೊಸ ರಾಜ್ಯ ಬಂದ ಮೇಲೆ ಸರ್ಕಾರ ರೈತರಿಗೆ ಬೀಮಾ ಮಾಡಿಸಿತ್ತು. ಪಟ್ಟಾ ಹೊಂದಿದ ರೈತ ತೀರಿಕೊಂಡರೆ ಅವನು ಹೇಗೆ ಸತ್ತ, ಯಾರ ತಪ್ಪಿನಿಂದ ಸತ್ತ ಎಂದು ಯಾರೂ ಕೇಳುತ್ತಿರಲಿಲ್ಲ. ಮನೆಯವರ ಖಾತೆಗೆ ಐದು ಲಕ್ಷ ಬಂದು ಬೀಳುತ್ತಿತ್ತು. ಎದುರುಮನೆಯ ಕುರುಮಯ್ಯ ಸತ್ತಾಗ ಅವನ ಹೆಂಡತಿ ಮೈಲಮ್ಮನ ಕಣ್ಣೀರು ಆರುವ ಮೊದಲೇ ದುಡ್ಡು ಬಂದಿತ್ತು. ಆದರೆ ಅದಕ್ಕೆ ವಯಸ್ಸಿನ ಕಟ್ಟಿತ್ತು, ಅರವತ್ತರೊಳಗೇ ಸಾಯಬೇಕು. “ನಾ ತಡಾ ಮಾಡಿಬಿಟ್ಟೆ ನೋಡು,” ಎಂದು ಶಿವಶಂಕರಪ್ಪ ಕಾಲು ಚಾಚಿಕೊಂಡೇ ನಗುತ್ತಿದ್ದ.

ಅಂಥ ಮನುಷ್ಯ ಒಂದು ದಿನ ಬೆಳಿಗ್ಗೆ ನಗಲಿಲ್ಲ. ಭಾಗ್ಯಜ್ಯೋತಿ ಎಂದಿನಂತೆ ಹುಣ್ಣು ತೊಳೆದಳು. ರಾಯಚೂರಿನ ಡಾಕ್ಟರು ಹುಣ್ಣಿನ ನಂಜಿಗೆ ಬರೆದ ಸೂಜಿಯ ಸರದಿ ಇನ್ನೂ ಮುಗಿದಿರಲಿಲ್ಲ. “ಯಾಕಣ್ಣ, ಇವತ್ತು ಮಾತ ಇಲ್ಲಲ್ಲ?” ಎಂದು ಕೇಳಿದಳು. ಅವನು ಕಣ್ಣು ಮುಚ್ಚಿಕೊಂಡ. “ರಾತ್ರಿ ನಿದ್ದಿ ಆಗಿಲ್ಲವ್ವ,” ಎಂದಳು ಗುರುಲಿಂಗಮ್ಮ. ಭಾಗ್ಯಜ್ಯೋತಿ ನರಕ್ಕೆ ಔಷಧಿಯನ್ನು ನಿಧಾನವಾಗಿ ಬಿಟ್ಟು, ಸ್ವಲ್ಪ ಹೊತ್ತು ಕೂತು ನೋಡಿ, ಇನ್ನೊಂದು ಮನೆಗೆ ಹೋದಳು. ಅಲ್ಲಿ ಕೈ ತೊಳೆಯುತ್ತಿದ್ದಾಗಲೇ ಫೋನು ಬಂತು.

ಓಡಿ ಬಂದು ನೋಡಿದರೆ ಶಿವಶಂಕರಪ್ಪ ಗೋಡೆಗೆ ಒರಗಿದ್ದ, ನಾಡಿ ಇರಲಿಲ್ಲ. ನೆಲಕ್ಕೆ ಮಲಗಿಸಿ ಎದೆ ಒತ್ತಿದಳು. ನೂರಾ ಎಂಟರ ಗಾಡಿ ಬರುವ ತನಕ, ತನ್ನ ರಟ್ಟೆ ಬಿದ್ದುಹೋಗುವ ತನಕ ಒತ್ತಿದಳು. ಸರ್ಕಾರಿ ದವಾಖಾನೆಯ ಡಾಕ್ಟರು ನೋಡಿ, ಹಾರ್ಟ್ ಇರಬೇಕು ಎಂದರು. ಕೊಯ್ದು ನೋಡಿದರೆ ಗೊತ್ತಾಗುತ್ತದೆ ಎಂದೂ ಹೇಳಿದರು. ಮನೆಯವರು ಒಪ್ಪಲಿಲ್ಲ. ಭಾಗ್ಯಜ್ಯೋತಿ ತನ್ನ ಎರಡು ಕೈಗಳನ್ನು ನೋಡಿಕೊಳ್ಳುತ್ತ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಎಷ್ಟೋ ಸಾವು ನೋಡಿದವಳಿಗೆ ಆ ದಿನ ಏಳಲು ಆಗಲಿಲ್ಲ. ನಾನು ನಿಧಾನಕ್ಕೇ ಕೊಟ್ಟೆನಲ್ಲ? ನಿಧಾನಕ್ಕೇ ಕೊಟ್ಟೆನೇ?

ಮರುದಿನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ನಮ್ಮ ಕಡೆ ಹೆಣದ ಮುಂದೆ ಸುಮ್ಮನೆ ಅಳುವಂತಿಲ್ಲ, ಹಾಡಿಕೊಂಡು ಅಳಬೇಕು. ಹಾಡುವಾಗ ಇದ್ದಬಿದ್ದ ತಪ್ಪನ್ನೆಲ್ಲ ಮೈಮೇಲೆ ಎಳೆದುಕೊಳ್ಳಬೇಕು. ತಂಗಿಯಾದವಳು ‘ಬರೋದು ತಡಾ ಮಾಡಿ ನಿನ್ನ ಕೊಂದೆ’ ಎನ್ನುತ್ತಾಳೆ. ಸೊಸೆಯಾದವಳು ‘ಸಪ್ಪನ ಗಂಜಿ ಹಾಕಿ ನಿನ್ನ ಕೊಂದೆ’ ಎನ್ನುತ್ತಾಳೆ. ಯಾರು ಹೆಚ್ಚು ಕೊಂದರೋ ಅವರ ಪ್ರೀತಿ ಹೆಚ್ಚು. ಅದನ್ನು ಯಾರೂ ಪೊಲೀಸರಿಗೆ ಹೇಳಲು ಹೋಗುವುದಿಲ್ಲ.

ಭಾಗ್ಯಜ್ಯೋತಿಯೂ ಅವನ ಕಾಲು ಹಿಡಿದು, ತಾನೇ ಕಟ್ಟಿದ್ದ ಬ್ಯಾಂಡೇಜಿನ ಮೇಲೆ ಹಣೆ ಇಟ್ಟು ಹಾಡಿಕೊಂಡು ಅತ್ತಳು. “ಅಣ್ಣಾ, ಕಾಯೋ ಕೈಯಂತ ನಂಬಿದ್ಯಲ್ಲೋ, ಈ ಕೈಯ ನಿನ್ನ ಕಳಿಸ್ತಲ್ಲೋ, ನನ್ನ ಸೂಜೀನ ನಿನ್ನ ನುಂಗ್ತಲ್ಲೋ!” ಸುತ್ತಲಿದ್ದ ಹೆಂಗಸರು ಇನ್ನೂ ಜೋರಾಗಿ ಅತ್ತರು. ಹೈದರಾಬಾದಿನ ನೆಂಟರಿಗೆ ತೋರಿಸಲೆಂದು ಯಾರೋ ಫೋನಿನಲ್ಲಿ ಹಿಡಿಯುತ್ತಿದ್ದರು. ಸುಶಮೀಂದ್ರನ ಮಾತು ಅವಳಿಗೆ ಆಗ ನೆನಪಾಗಲಿಲ್ಲ. ನೆನಪಾಗಿದ್ದರೂ, ಪಾಲಿಸಿಗೆ ಹೆದರಿ ಅಣ್ಣನ ಹೆಣದ ಮುಂದೆ ಬಾಯಿ ಮುಚ್ಚಿ ನಿಲ್ಲುವ ಹೆಂಗಸು ಅವಳಲ್ಲ.

ಇಷ್ಟಾದ ಮೇಲೆ, ಸೂತಕವೆಲ್ಲ ಕಳೆದ ಮೇಲೆ, ಬಜ್ಜಿ ಬಂದದ್ದು.

“ಕೊಟ್ರೇಶ, ಬುದ್ಧಿ ನೆಟ್ಟಗೈತೇನು ನಿನಗ?” ಎಂದಳು ಭಾಗ್ಯಜ್ಯೋತಿ. “ನಾ ಹಂಗ ಬರದುಕೊಟ್ರ ನನ್ನ ಗತಿ ಏನಾಗ್ತೈತಿ ಗೊತ್ತೈತೇನು?”

“ಏನಾಗ್ತೈತಿ? ರೊಕ್ಕ ಕೊಡಾದು ಕಂಪನಿ. ನಿನ್ನ ಗಂಟೇನು ಹೋಗ್ತೈತಿ?” ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಬ್ಯಾರೆಯವರಾಗಿದ್ರ ನಾ ಕೇಳತಿದ್ದಿಲ್ಲಕ್ಕ. ನೀ ನಮ್ಮಾಕಿ ಅಂತ ಕೇಳಾಕ ಬಂದೀನಿ. ಕುರುಮಯ್ಯನ ಬೀಮಾ ಮೈಲಮ್ಮಗ ಬಂತು. ನಮ್ಮಪ್ಪಗ ವಯಸ್ಸು ಮೀರಿತ್ತು, ಬರಲಿಲ್ಲ. ದೇವರ ದಯಾ, ನಿನ್ನ ಬೀಮಾ ಐತಿ. ನಾರಾಯಣಪೇಟಿ ವಕೀಲಗ ಕೇಳಿದೆ. ನರ್ಸಿನ ತಪ್ಪು ಅಂತ ಇದ್ರ ಮಾತ್ರ ಕೊಡ್ತಾರಂತ. ಅದಕ್ಕ.”

“ತಪ್ಪು ಇಲ್ಲದ್ದನ್ನ ಇತ್ತು ಅಂತ ಹ್ಯಾಂಗ ಬರೀಲೋ?”

“ನೀನ ಅಂದೀಯಲ್ಲ, ಎಲ್ಲಾರ ಮುಂದ!” ಅವನು ಫೋನು ತೆಗೆದು ತೋರಿಸಿದ. ಸಣ್ಣ ಪರದೆಯ ಮೇಲೆ ಅವಳೇ ಕಾಲು ಹಿಡಿದು, ತಲೆ ಅಲ್ಲಾಡಿಸುತ್ತ, ನನ್ನ ಸೂಜೀನ ನಿನ್ನ ನುಂಗ್ತಲ್ಲೋ ಎಂದು ಗೋಳಾಡುತ್ತಿದ್ದಳು. ಭಾಗ್ಯಜ್ಯೋತಿಗೆ ತನ್ನ ದನಿಯೇ ಪರಕೀಯವಾಗಿ ಕೇಳಿಸಿತು.

“ಅದು ಹಾಡ್ಯಾಡಿ ಅಳಾದಲ್ಲೇನೋ, ಮಾರಾಯ!”

“ಬಾಯಿಲೆ ಅಂದಿದ್ದನ್ನ ಕಾಗದದಾಗ ಬರಿಯಾಕ ಏನು ತ್ರಾಸು?” ಎಂದು ಕೊಟ್ರೇಶ ಕೊನೆಯ ಬಜ್ಜಿಯನ್ನು ಅವಳ ಕಡೆ ಸರಿಸಿದ. “ಇನ್ನೊಂದ್ ಹೇಳೋದು ಮರ್ತೆ. ವಕೀಲನ ನೋಟೀಸು ಬರ್ತೈತಿ. ಭಾಷಾ ಸ್ವಲ್ಪ ಬಿರುಸು ಇರ್ತೈತಿ, ಮನಸಿಗೆ ಹಚ್ಕೋಬ್ಯಾಡ. ಹಂಗ ಬರೀಲಿಲ್ಲಂದ್ರ ನಡಿಯಂಗಿಲ್ಲಂತ.”

ನೋಟೀಸು ಬಂತು. ಬೀದಿಯಲ್ಲೇ ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡಿದ್ದರಿಂದ ಅವಳು ಓದುವ ಮೊದಲೇ ಓಣಿಗೆ ಗೊತ್ತಾಯಿತು. ಬೇಜವಾಬ್ದಾರಿ, ನಿರ್ಲಕ್ಷ್ಯ, ಒಂದು ಜೀವದ ಹಾನಿ ಎಂದೆಲ್ಲ ಇತ್ತು. ಬಿರುಸು ಭಾಷೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಕೊಟ್ರೇಶ ಅವಳಿಗೇನೋ ಹೇಳಿದ್ದ, ಊರಿಗೆ ಹೇಳಿರಲಿಲ್ಲ. ಬಾಣಂತಿ ಸೊಸೆಯ ಹೊಲಿಗೆ ಬಿಚ್ಚಿಸಲು ಹೇಳಿಹೋಗಿದ್ದವರು ಅವಳನ್ನು ನಾರಾಯಣಪೇಟೆಗೆ ಕರೆದೊಯ್ದರು. ದಿನವೂ ಸೂಜಿ ಮಾಡಿಸಿಕೊಳ್ಳುತ್ತಿದ್ದ ಮಾಸ್ತರರು ‘ಈಗ ಆರಾಮ ಐತಮ್ಮ’ ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಎದುರಿಗೆ ಸಿಕ್ಕಾಗ ಎಲ್ಲರೂ ಮೊದಲಿನಂತೆ ನಕ್ಕು ಮಾತಾಡಿಸುತ್ತಿದ್ದರು. ತೋಳು ಮಾತ್ರ ಯಾರೂ ಚಾಚಲಿಲ್ಲ.

ಸುಶಮೀಂದ್ರ ವಿಡಿಯೊ ನೋಡಿ ತಲೆಯ ಮೇಲೆ ಕೈ ಹೊತ್ತು ಕೂತ.

“ಏನ್ರಿ ಸಿಸ್ಟರ್ ಇದು? ಏನು ಅನಬ್ಯಾಡ್ರಿ ಅಂದಿದ್ನೋ ಅದನ್ನ ರಾಗ ಹಚ್ಚಿ ಹಾಡೀರಲ್ರಿ! ಕಂಪನಿಯವರು ಮುಂಬಯಿಯವರು. ನಮ್ಮ ಕಡೆ ಹೆಣದ ಮುಂದ ಹಿಂಗ ಅಳ್ತಾರ ಅಂತ ಅವರಿಗೆ ಏನು ಗೊತ್ತು? ತಪ್ಪು ತಾನ ಒಪ್ಪಿಕೊಂಡಾಳ, ನಮಗ ಸಂಬಂಧ ಇಲ್ಲ ಅಂದ್ರ ಏನ್ಮಾಡೋದು?”

“ಹಂಗಾದ್ರ ನನ್ನ ಕಾಯೋರು ಯಾರ್ರೀ?” ಎಂದಳು ಅವಳು.

ಅವನು ಪಾಲಿಸಿಯ ಕಾಗದ ತಿರುವಿ ನೋಡಿದ. ಆಮೇಲೆ, ಕಂಪನಿಯ ತನಿಖೆಯವರು ಬರುವ ಮೊದಲು ಏನಾದರೂ ಸಿಗಬೇಕು ಎಂದ. “ಶಿವಶಂಕರಪ್ಪಗ ಮೊದಲ ಎದಿ ತ್ರಾಸು ಇತ್ತು, ನಿಮಗ ಹೇಳಿದ್ದಿಲ್ಲ ಅಂತ ಗೊತ್ತಾದ್ರ ಸಾಕು. ನೀವು ಪಾರು. ಇಲ್ಲಂದ್ರ ಕೋರ್ಟಿನ್ಯಾಗ ನೀವು ಒಬ್ಬರ. ತಪ್ಪು ನಿಮ್ದ ಅಂತ ಠರಾವಾದ್ರ ನರ್ಸುಗಳ ಪಟ್ಟಿಯೊಳಗಿಂದ ಹೆಸರೂ ಹೋದೀತು.” ಅಂಥದ್ದೇನೂ ತನಗೆ ಗೊತ್ತಿಲ್ಲ ಎಂದು ಭಾಗ್ಯಜ್ಯೋತಿ ತಲೆ ಅಲ್ಲಾಡಿಸಿದಳು. ಹಗಲೆಲ್ಲ ಆ ಬೆಳಗನ್ನೇ ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದ ಅವಳಿಗೆ, ತನ್ನ ಕೈಯ ಮೇಲಿನ ನಂಬಿಕೆಯೇ ಹೋಗತೊಡಗಿತ್ತು.

ಮುಂದಿನ ವಾರ ಸುಶಮೀಂದ್ರ ಮತ್ತೆ ಬಂದು ಅವಳ ಎದುರು ಫೈಲು ಬಿಚ್ಚಿಕೊಂಡು ಕೂತಿದ್ದಾಗ, ಗುರುಲಿಂಗಮ್ಮ ಮಗನ ತೋಳು ಹಿಡಿದುಕೊಂಡು ಬಂದಳು. ಗಂಡ ಸತ್ತ ಮೇಲೆ ಹೊಸ್ತಿಲು ದಾಟಿ ಮೊದಲು ಬಂದದ್ದು ಇಲ್ಲಿಗೇ. ನಾನು ಹೇಳಿದರೆ ಕೇಳುವುದಿಲ್ಲ, ನೀನಾದರೂ ಹೇಳು ಎಂದು ಕೊಟ್ರೇಶ ಕರೆತಂದಿದ್ದ.

“ಜ್ಯೋತಿ, ಯಾಕವ್ವ ಹಟಾ ಮಾಡ್ತಿ?” ಎನ್ನುತ್ತಲೇ ಗುರುಲಿಂಗಮ್ಮ ಚಾಪೆಯ ಮೇಲೆ ಕೂತಳು. “ಮೈಲಮ್ಮಗ ಬಂದಂಗ ನನಗೂ ಬೀಮಾ ಬರ್ತೈತಂತ. ನಿನ್ನ ಸಹಿ ಒಂದ ಬಾಕಿ ಐತಂತ. ಹಾಕಿಬಿಡವ್ವ.”

ಭಾಗ್ಯಜ್ಯೋತಿ ಅವಳ ಹತ್ತಿರ ಸರಿದು ಕೂತಳು. “ಅಕ್ಕ, ಅದು ಮೈಲಮ್ಮನ ಬೀಮಾ ಅಂಥಾದ್ದಲ್ಲ. ಅಣ್ಣ ಸತ್ತಾನ ಅಂತ ಅದರಾಗ ಒಂದು ಪೈಸಾ ಬರಂಗಿಲ್ಲ. ನಾ ಕೊಂದೀನಿ ಅಂತಾದ್ರ ಮಾತ್ರ ಬರ್ತೈತಿ. ಕೊಟ್ರೇಶ ಅದನ್ನ ಬರದುಕೊಡು ಅಂತಾನ.”

ಗುರುಲಿಂಗಮ್ಮ ಒಮ್ಮೆ ಅವಳನ್ನು, ಒಮ್ಮೆ ಮಗನನ್ನು ನೋಡಿದಳು. “ಏನೋ? ಜ್ಯೋತಿ ನಿಮ್ಮಪ್ಪನ್ನ ಕೊಂದಾಳ ಅಂತ ಬರಸೀಯೇನೋ?”

“ಅದು ಬರೀ ಬರವಣಿಗಿ ಅವ್ವ. ಹಂಗ ಬರದ್ರನ...”

“ಆಕಿ ಕೊಂದಿಲ್ಲೋ,” ಎಂದಳು ಗುರುಲಿಂಗಮ್ಮ. “ಕೊಂದಾಕಿ ನಾನು.”

“ಸಾಕು ಬಿಡವ್ವ. ಇಲ್ಲೂ ಹಾಡ್ಯಾಡಾಕ ಚಾಲೂ ಮಾಡಬ್ಯಾಡ.”

“ಹಾಡ್ಯಾಡಾದಲ್ಲಪ್ಪ ಇದು.” ಅವಳ ದನಿ ಒಣಗಿತ್ತು, ರಾಗ ಇರಲಿಲ್ಲ, ಕಣ್ಣೀರೂ ಇರಲಿಲ್ಲ. “ಅವತ್ತು ನಸಿಕಿನ್ಯಾಗ ಎದ್ದು ಎದಿ ಹಿಡಕೊಂಡ್ರು. ಎಡಗೈ ಸೇದತೈತಿ ಅಂದ್ರು. ಮೈಯೆಲ್ಲ ನೀರು ನೀರು. ಜ್ಯೋತಿಗೆ ಫೋನ್ ಹಚ್ಚತೀನಿ ಅಂದೆ. ಆಕಿಗೆ ಹೇಳಿದ್ರ ರಾಯಚೂರಿಗೆ ಒಯ್ಯತಾಳ, ಅಲ್ಲಿ ಇದ ನೆವಾ ಮಾಡಿ ನನ್ನ ಕಾಲು ಕಡೀತಾರ ಅಂದ್ರು. ಹೇಳಂಗಿಲ್ಲ ಅಂತ ಕೊಳ್ಳಾನ ಲಿಂಗ ನನ್ನ ಕೈಯಾಗಿಟ್ಟು ಆಣಿ ಮಾಡಿಸಿಕೊಂಡ್ರು. ಈಕಿ ಬರೂದರೊಳಗ ನಾನ ಎದ್ದು ಮೈ ಒರೆಸಿದೆ. ಯಾಕಣ್ಣ ಮಾತಿಲ್ಲ ಅಂತ ಕೇಳಿದಾಗ, ನಿದ್ದಿ ಆಗಿಲ್ಲ ಅಂದೆ. ಹೆಣದ ಮುಂದ ಇದನ್ನ ಹೇಳೀನೋ. ಮುಚ್ಚಿಟ್ಟು ಕೊಂದೆ, ಮುಚ್ಚಿಟ್ಟು ಕೊಂದೆ ಅಂತ ಊರ ಮುಂದ ಹೇಳೀನಿ. ಒಬ್ಬರೂ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ಎಲ್ಲಾರೂ ಅಳಾಕತ್ತಾಳ ಅಂದ್ರು.”

ಕೊಟ್ರೇಶ ನಿಂತಲ್ಲೇ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಷ್ಟು ದಿನ ಭಾಗ್ಯಜ್ಯೋತಿಯ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿದುಹೋಯಿತು. ಸೂಜಿ ಅಲ್ಲ, ನನ್ನ ಕೈ ಅಲ್ಲ! ಕುಣಿಯಬೇಕು ಅನ್ನಿಸುವಷ್ಟು ಸಂತೋಷವಾಯಿತು. ಆ ಸಂತೋಷಕ್ಕೆ ಆ ಮುದುಕಿಯ ಎದುರೇ ನಾಚಿಕೆಯೂ ಆಯಿತು.

ಸುಶಮೀಂದ್ರ ಮಾತ್ರ ತಡಮಾಡಲಿಲ್ಲ. “ನಿಂದರ್ರಿ ಅಮ್ಮ, ನಿಂದರ್ರಿ,” ಎಂದು ಪೆನ್ನಿನ ಟೋಪಿ ತೆಗೆದ. “ಈಗ ಅಂದಿದ್ದನ್ನ ಇನ್ನೊಮ್ಮಿ ಹೇಳ್ರಿ, ಬರಕೋತೀನಿ. ಸಿಸ್ಟರ್, ಮುಗೀತು. ಎದಿ ನೋವು ಮುಚ್ಚಿಟ್ಟಾರ ಅಂದ ಮ್ಯಾಲೆ ಕಂಪನಿ ನಿಮ್ಮ ಬೆನ್ನಿಗೆ ನಿಲ್ಲತದ. ರಾಯರು ದೊಡ್ಡವರು!”

ಗುರುಲಿಂಗಮ್ಮ ಅವನ ಕಡೆ ನೋಡಲೇ ಇಲ್ಲ. ಭಾಗ್ಯಜ್ಯೋತಿಯ ಎರಡೂ ಕೈ ಹಿಡಿದುಕೊಂಡಳು. “ಜ್ಯೋತಿ, ನೀ ಕಲತಾಕಿ. ಖರೇ ಹೇಳು. ಅವತ್ತು ನಾ ನಿನಗ ಹೇಳಿದ್ದ್ರ, ಅವರು ಉಳೀತಿದ್ರೇನು?”

ಉತ್ತರ ಭಾಗ್ಯಜ್ಯೋತಿಗೆ ಗೊತ್ತಿತ್ತು. ನಾಲಿಗೆಯ ಕೆಳಗೆ ಒಂದು ಗುಳಿಗೆ ಇಟ್ಟು, ಸಿಕ್ಕ ಗಾಡಿಯಲ್ಲಿ ಹಾಕಿಕೊಂಡು ಹೊರಟಿದ್ದರೆ ಊಟದ ಹೊತ್ತಿಗಿಂತ ಮೊದಲೇ ರಾಯಚೂರು. ಉಳಿಯುತ್ತಿದ್ದ. ನೂರಕ್ಕೆ ನೂರು ಎನ್ನಲಾಗದಿದ್ದರೂ ಉಳಿಯುತ್ತಿದ್ದ ಎಂದೇ ಅವಳ ಅನುಭವ ಹೇಳುತ್ತಿತ್ತು. ಹೌದು ಎಂಬ ಒಂದೇ ಮಾತು ಸಾಕಿತ್ತು. ಸುಶಮೀಂದ್ರನ ಪೆನ್ನು ಅದಕ್ಕೇ ಕಾಯುತ್ತಿತ್ತು.

ಅವಳು ಕಣ್ಣೆತ್ತಿ ಕೊಟ್ರೇಶನನ್ನು ನೋಡಿದಳು. ಅವನು ತಾಯಿಯನ್ನು ನೋಡುತ್ತಿದ್ದ, ಯಾರೋ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ. ತಾನು ಹೌದು ಎಂದರೆ ಈ ತಾಯಿಗೆ ಇನ್ನು ಮಗ ಇಲ್ಲ, ಈ ಮುದುಕಿ ರಾತ್ರಿ ಕಣ್ಣು ಮುಚ್ಚುವುದೂ ಇಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

“ಇಲ್ಲಕ್ಕ,” ಎಂದಳು. “ಹೇಳಿದ್ದ್ರೂ ಉಳೀತಿದ್ದಿಲ್ಲ.”

“ಸಿಸ್ಟರ್!” ಎಂದ ಸುಶಮೀಂದ್ರ. “ಏನು ಹೇಳ್ಲಿಕ್ಹತ್ತೀರಿ ನೀವು?”

ಅವಳು ಅವನ ಕಡೆ ತಿರುಗಲಿಲ್ಲ. “ಆ ನೋವಿಗೂ ಸಾವಿಗೂ ಸಂಬಂಧ ಇಲ್ಲಕ್ಕ. ನೀ ಹೇಳಿದ್ರೂ ಅಷ್ಟ, ಬಿಟ್ರೂ ಅಷ್ಟ ಇತ್ತು.”

ಕೊಟ್ರೇಶನ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. ಅವನು ಮುಖ ಒರೆಸಿಕೊಂಡು, ಯಾರನ್ನೂ ನೋಡದೆ ಹೇಳಿದ. “ಕೇಸು ಬ್ಯಾಡ ಬಿಡ್ರಿ. ವಕೀಲಗ ಹೇಳಿ ನೋಟೀಸು ವಾಪಸ್ ತಗೋತೀನಿ. ಅವ್ವ ಅಂದಿದ್ದನ್ನ ಬರಕೋಬ್ಯಾಡ್ರಿ ನೀವು.” ಸುಶಮೀಂದ್ರ ಏನೂ ತಿಳಿಯದವನಂತೆ ಎಲ್ಲರ ಮುಖ ನೋಡಿದ.

ಪಾರಾದೆ ಎಂದುಕೊಂಡಳು ಭಾಗ್ಯಜ್ಯೋತಿ. ಮುದುಕಿಯೂ ಪಾರು, ತಾನೂ ಪಾರು.

ಗುರುಲಿಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಯೋಚಿಸುತ್ತ ಕೂತಿದ್ದಳು. ಅಷ್ಟು ದಿನ ಗಂಟು ಹಾಕಿಕೊಂಡಿದ್ದ ಅವಳ ಹುಬ್ಬು ನಿಧಾನಕ್ಕೆ ಸಡಿಲವಾಯಿತು.

“ಹಂಗಾದ್ರ ನನ್ನಿಂದ ಅಲ್ಲ,” ಎಂದಳು.

“ಅಲ್ಲಕ್ಕ.”

“ಹಂಗಾದ್ರ ಸೂಜೀನ.”

ಗುರುಲಿಂಗಮ್ಮ ಸಿಟ್ಟಾಗಿರಲಿಲ್ಲ. ಎಷ್ಟೋ ದಿನದ ಲೆಕ್ಕ ಕೊನೆಗೂ ಬಗೆಹರಿದವಳಂತೆ ಹಗುರಾಗಿದ್ದಳು. ಭಾಗ್ಯಜ್ಯೋತಿಯ ಕೈಯನ್ನು ಮತ್ತೆ ಹಿಡಿದು, ಅದರ ಮೇಲೆ ತನ್ನ ಇನ್ನೊಂದು ಕೈ ಇಟ್ಟು ತಟ್ಟಿದಳು.

“ಇರ್ಲಿ ಬಿಡವ್ವ. ಬೇಕಂತ ಮಾಡೀಯೇನು ನೀ? ಮನಷ್ಯಾರ ಕೈ, ತಪ್ಪತೈತಿ. ನಾ ಹೊಟ್ಟ್ಯಾಗ ಹಾಕ್ಕೊಂಡೀನಿ. ಮಾಫ್ ಮಾಡೀನಿ ನಿನಗ.”

“ಅಕ್ಕ...” ಎಂದಳು ಭಾಗ್ಯಜ್ಯೋತಿ. ಸೂಜಿ ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ಮತ್ತೇನು ಎಂಬುದನ್ನು ಈಗಷ್ಟೇ ತನ್ನ ಬಾಯಿಂದಲೇ ಅಳಿಸಿಹಾಕಿದ್ದಳು.

ಗುರುಲಿಂಗಮ್ಮ ಎದ್ದು, ಈ ಸಲ ಮಗನ ತೋಳು ಹಿಡಿಯದೆ ತಾನೇ ಹೊಸ್ತಿಲು ದಾಟಿದಳು. ಎದುರಿನ ಕಟ್ಟೆಯ ಮೇಲೆ ಹೂ ಮಾರುವ ಜೋಗಮ್ಮ, ನಲ್ಲಿಯ ಹತ್ತಿರ ನಾಲ್ಕು ಹೆಂಗಸರು. ಇವರು ಒಳಗೆ ಹೋದಾಗಿನಿಂದ ಎಲ್ಲರ ಕಣ್ಣೂ ಈ ಬಾಗಿಲ ಮೇಲೇ ಇತ್ತು. ಗುರುಲಿಂಗಮ್ಮ ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

“ನೋಡ್ರೆವ್ವ, ನಮ್ಮ ಜ್ಯೋತಿಗೆ ಇನ್ನ ಯಾರೂ ಏನೂ ಅನಬ್ಯಾಡ್ರಿ. ಸೂಜಿ ಮಾಡಾವಾಗ ಕೈ ತಪ್ಪೈತಿ ಪಾಪ. ಕೇಸು ಬ್ಯಾಡ ಅಂದೀವಿ. ನಾನ ಮಾಫ್ ಮಾಡಿದ ಮ್ಯಾಲೆ ನಿಮ್ಮದೇನೈತಿ?”

“ಎಂಥ ಮನಸವ್ವ ನಿಂದು!” ಎಂದಳು ಜೋಗಮ್ಮ, ಕಟ್ಟುತ್ತಿದ್ದ ಹೂವನ್ನು ತೊಡೆಯ ಮೇಲಿಟ್ಟು. ನಲ್ಲಿಯ ಹೆಂಗಸರಲ್ಲಿ ಒಬ್ಬಳು ಆಗಲೇ ಕೊಡ ಎತ್ತಿಕೊಂಡು ಆಚೆ ಓಣಿಗೆ ಹೊರಟಿದ್ದಳು. ಕೊಟ್ರೇಶ ತಾಯಿಯ ಹಿಂದೆ ತಲೆ ತಗ್ಗಿಸಿ ನಿಂತಿದ್ದ.

“ಸಿಸ್ಟರ್, ಹೋಗ್ರಿ, ಅಲ್ಲ ಅಂತ ಹೇಳ್ರಿ!” ಎಂದು ಸುಶಮೀಂದ್ರ ಒಳಗಿನಿಂದ ಪಿಸುಗುಟ್ಟಿದ. “ಊರಿಗೆಲ್ಲ ಹಬ್ಬತದ. ನಾಳಿಂದ ನಿಮ್ಮ ಬಾಗಲಿಗೆ ಒಬ್ಬರೂ ಬರೋದಿಲ್ಲ. ಇದಕ್ಕ ಯಾವ ಕಂಪನೀನೂ ಏನೂ ಮಾಡ್ಲಿಕ್ಕೆ ಆಗೂದಿಲ್ಲ!”

ಭಾಗ್ಯಜ್ಯೋತಿ ಬಾಗಿಲಿಗೆ ಬಂದಳು. ಅಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಗುರುಲಿಂಗಮ್ಮ ಹಿಂದಿರುಗಿ ನೋಡಿದಳು. ಗಂಡ ಹೋದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಕಾಣಿಸಿತು.

“ನಾಳೆ ಮಧ್ಯಾಹ್ನ ಊಟಕ್ಕ ಬಾರವ್ವ,” ಎಂದಳು. “ನೀ ಬರದ ಬಾಳ ದಿನ ಆತು.”

“ಬರ್ತೀನಕ್ಕ,” ಎಂದಳು ಭಾಗ್ಯಜ್ಯೋತಿ.